ಕುತ್ತಿಗೆಯ ಗಂಟು, ಅಟ್ಟದ ಮೇಲಿನ ಫೈಲು



ಕ್ಯಾನ್ಸರ್ ಒಂದು ಕಡೆ ಹುಟ್ಟಿ ಇನ್ನೊಂದು ಕಡೆಗೆ ಹಬ್ಬುತ್ತದೆ ಎಂಬುದು ಈಗ ಎಲ್ಲರಿಗೂ ಗೊತ್ತಿರುವ ಸಂಗತಿ. ಎಲ್ಲಿಗೆ ಹಬ್ಬುತ್ತದೆ ಎಂದು ಕೇಳಿದರೆ ಶ್ವಾಸಕೋಶ, ಪಿತ್ತಜನಕಾಂಗ, ಮೂಳೆ, ಮಿದುಳು ಎಂದು ನೀವೇ ಹೇಳುತ್ತೀರಿ. ಥೈರಾಯ್ಡ್ ಗ್ರಂಥಿಯ ಹೆಸರನ್ನು ಯಾರೂ ಹೇಳುವುದಿಲ್ಲ. ವೈದ್ಯಕೀಯ ಓದಿದವರೂ ಪರೀಕ್ಷೆ ಮುಗಿದ ಮೇಲೆ ಅದನ್ನು ಮರೆತುಬಿಡುತ್ತಾರೆ. ಥೈರಾಯ್ಡಿನಲ್ಲೇ ಹುಟ್ಟುವ ಕ್ಯಾನ್ಸರ್ ಬೇರೆ, ಅದರ ಬಗ್ಗೆ ಬೇಕಾದಷ್ಟು ಮಾತಾಡಿದ್ದಾರೆ. ಮೂತ್ರಪಿಂಡ, ದೊಡ್ಡ ಕರುಳು, ಶ್ವಾಸಕೋಶ, ಸ್ತನ ಇಂಥ ಕಡೆ ಹುಟ್ಟಿದ ಕ್ಯಾನ್ಸರ್ ಕುತ್ತಿಗೆಯ ಈ ಪುಟ್ಟ ಗ್ರಂಥಿಗೆ ಬಂದು ನೆಲೆಸುವ ವಿಚಾರವನ್ನು ಇವತ್ತು ಹೇಳುತ್ತೇನೆ. ನಾನು ಸೂಜಿ ಚುಚ್ಚಿ, ಗಾಜಿನ ಮೇಲೆ ಬಳಿದು, ಸೂಕ್ಷ್ಮದರ್ಶಕದಲ್ಲಿ ನೋಡಿ ವರದಿ ಬರೆಯುವವನು. ಆದ್ದರಿಂದ ನನ್ನ ಮಾತು ಆ ಮೇಜಿನ ಕಡೆಯಿಂದಲೇ ಬರುತ್ತದೆ.

ಮೊದಲೇ ಒಂದು ಸಮಾಧಾನ. ಇದು ಅಪರೂಪದ ಸಂಗತಿ. ಕ್ಯಾನ್ಸರ್ ಇರಬಹುದೆಂಬ ಅನುಮಾನದ ಮೇಲೆ ಥೈರಾಯ್ಡ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ನೂರಕ್ಕೆ ಒಬ್ಬಿಬ್ಬರು, ಹೆಚ್ಚೆಂದರೆ ಮೂವರಲ್ಲಿ ಮಾತ್ರ ಇಂಥದ್ದು ಸಿಗುತ್ತದೆ. ಆದರೆ ಕ್ಯಾನ್ಸರಿನಿಂದ ತೀರಿಕೊಂಡವರ ಶವಪರೀಕ್ಷೆ ಮಾಡಿದ ವೈದ್ಯರ ಲೆಕ್ಕ ಬೇರೆ. ಗ್ರಂಥಿಯನ್ನು ಎಷ್ಟು ತೆಳ್ಳಗೆ, ಎಷ್ಟು ಕಡೆ ಕೊಯ್ದು ನೋಡಿದರು ಎಂಬುದರ ಮೇಲೆ ಆ ಸಂಖ್ಯೆ ನೂರಕ್ಕೆ ಎರಡರಿಂದ ಇಪ್ಪತ್ತನಾಲ್ಕರವರೆಗೂ ಹೋಗಿದೆ. ಅಂದರೆ ಬದುಕಿರುವಾಗ ಕಣ್ಣಿಗೆ ಬೀಳದೆ ಹೋಗುವುದೇ ಹೆಚ್ಚು.

ಥೈರಾಯ್ಡ್ ಇರುವುದು ಗಂಟಲಮಣಿಯ ಕೆಳಗೆ, ಶ್ವಾಸನಾಳದ ಮುಂದೆ. ಬಲಕ್ಕೊಂದು ಎಡಕ್ಕೊಂದು ಹಾಲೆ, ನಡುವೆ ಅವೆರಡನ್ನೂ ಸೇರಿಸುವ ಸಣ್ಣ ಪಟ್ಟಿ. ತೂಕ ಹದಿನೈದರಿಂದ ಇಪ್ಪತ್ತೈದು ಗ್ರಾಂ. ಆದರೆ ಅದಕ್ಕೆ ಹರಿದುಬರುವ ರಕ್ತ ಅದರ ತೂಕಕ್ಕೆ ಲೆಕ್ಕವಿಲ್ಲದಷ್ಟು. ಪ್ರತಿ ಗ್ರಾಂ ಅಂಗಾಂಶಕ್ಕೆ ನಿಮಿಷಕ್ಕೆ ಸುಮಾರು ಐದು ಮಿಲಿಲೀಟರ್. ರಕ್ತ ಸೋಸುವುದೇ ಕಸುಬಾಗಿರುವ ಮೂತ್ರಪಿಂಡಕ್ಕೂ ಗ್ರಾಂ ಲೆಕ್ಕದಲ್ಲಿ ಇಷ್ಟು ರಕ್ತ ಹೋಗುವುದಿಲ್ಲ. ಕ್ಯಾನ್ಸರ್ ಕೋಶಗಳು ಓಡಾಡುವುದು ರಕ್ತದಲ್ಲಿ. ಹಾಗಿದ್ದರೆ ಇಷ್ಟು ರಕ್ತ ಬರುವ ಜಾಗದಲ್ಲಿ ಅವು ತುಂಬಿ ತುಳುಕಬೇಕಿತ್ತಲ್ಲ? ತುಳುಕುವುದಿಲ್ಲ.

ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲಿ ಇಂಥದ್ದೇ ಪ್ರಶ್ನೆ ಹಿಡಿದು ಕೂತಿದ್ದ. ಸ್ತನ ಕ್ಯಾನ್ಸರಿನಿಂದ ಸತ್ತ 735 ಹೆಂಗಸರ ದಾಖಲೆಗಳನ್ನು ಒಂದೊಂದಾಗಿ ತೆಗೆದು ನೋಡಿದ. ಪಿತ್ತಜನಕಾಂಗಕ್ಕೆ ಹಬ್ಬಿದ್ದು ಬಹಳ, ಗುಲ್ಮಕ್ಕೆ ಹಬ್ಬಿದ್ದು ತೀರ ಕಡಿಮೆ. ಗುಲ್ಮಕ್ಕೇನು ರಕ್ತ ಕಡಿಮೆಯೇ? ಅಲ್ಲ. ಹಾಗಾಗಿ ಕ್ಯಾನ್ಸರ್ ಕೋಶ ಬೀಜ, ಅದು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ, ಆದರೆ ಒಗ್ಗುವ ಮಣ್ಣು ಸಿಕ್ಕಲ್ಲಿ ಮಾತ್ರ ಮೊಳೆಯುತ್ತದೆ ಎಂದು ಅವನು ಬರೆದ. ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೂರಮೂವತ್ತು ವರ್ಷ ದಾಟಿದರೂ ಕ್ಯಾನ್ಸರ್ ಸಂಶೋಧಕರು ಆ ಮಾತನ್ನು ಬಿಟ್ಟಿಲ್ಲ.

ಥೈರಾಯ್ಡಿನ ಮಣ್ಣು ಯಾಕೆ ಒಗ್ಗುವುದಿಲ್ಲ ಎಂಬುದಕ್ಕೆ ಆಸ್ಟ್ರೇಲಿಯದ ರೂಪರ್ಟ್ ವಿಲ್ಲಿಸ್ 1931ರಲ್ಲಿ ಒಂದು ವಿವರಣೆ ಕೊಟ್ಟರು. ರಕ್ತದ ಓಟ ಜೋರಾಗಿರುವುದರಿಂದ ಕೋಶಗಳಿಗೆ ಅಂಟಿಕೊಳ್ಳಲು ಪುರುಸೊತ್ತಿಲ್ಲ, ಜೊತೆಗೆ ಅಲ್ಲಿ ಆಮ್ಲಜನಕವೂ ಅಯೋಡಿನ್ನೂ ಹೇರಳ, ಅದು ಅವಕ್ಕೆ ಸರಿಹೋಗುವುದಿಲ್ಲ ಎಂದು. ಇದು ಊಹೆಯೇ. ಪ್ರಯೋಗಶಾಲೆಯಲ್ಲಿ ಗಟ್ಟಿಯಾಗಿ ಸಾಬೀತಾದ ಮಾತಲ್ಲ. ಆದರೆ ಇದಕ್ಕೆ ತಾಳೆಯಾಗುವ ಒಂದು ಸಂಗತಿಯನ್ನು ನಾವು ಮೇಜಿನ ಮೇಲೆ ಮತ್ತೆ ಮತ್ತೆ ನೋಡುತ್ತೇವೆ. ಬೇರೆ ಕಡೆಯ ಕ್ಯಾನ್ಸರ್ ಬಂದು ಕೂತ ಥೈರಾಯ್ಡ್ ಎಷ್ಟೋ ಸಲ ಮೊದಲೇ ಕೆಟ್ಟಿರುತ್ತದೆ. ಹಳೆಯ ಗಳಗಂಡವೋ, ನಿರಪಾಯದ ಗೆಡ್ಡೆಯೋ, ವರ್ಷಗಟ್ಟಲೆಯ ಉರಿಯೂತವೋ ಇರುತ್ತದೆ. ಅಂಥ ಕಡೆ ರಕ್ತದ ಓಟ ಮಂದ, ಅಯೋಡಿನ್ ಕಡಿಮೆ. ಗ್ರಂಥಿಯ ಉಳಿದ ಭಾಗವನ್ನೆಲ್ಲ ಬಿಟ್ಟು, ಹತ್ತಾರು ವರ್ಷದಿಂದ ತೆಪ್ಪಗಿದ್ದ ಒಂದು ಹಳೆಯ ಗೆಡ್ಡೆಯ ಒಳಗೇ ಹೊಸ ಕ್ಯಾನ್ಸರ್ ಬಂದು ಕೂತ ಉದಾಹರಣೆಗಳೂ ಇವೆ. ಒಂದು ಗೆಡ್ಡೆಯೊಳಗೆ ಇನ್ನೊಂದು ಗೆಡ್ಡೆ.

ನಮ್ಮ ಮಲೆನಾಡಿನವರು, ಕೊಡಗಿನ ಕಡೆಯವರು ಈ ಮಾತನ್ನು ಸ್ವಲ್ಪ ಕಿವಿಗೊಟ್ಟು ಕೇಳಬೇಕು. ಗಳಗಂಡ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1962ರಲ್ಲಿ. ಅಯೋಡಿನ್ ಬೆರೆಸಿದ ಉಪ್ಪು ಮನೆಮನೆ ಸೇರಲು ಇನ್ನೂ ಬಹಳ ಕಾಲ ಹಿಡಿಯಿತು. ಹಾಗಾಗಿ ಎಪ್ಪತ್ತು ದಾಟಿದ ಅಜ್ಜಿಯರ ಕುತ್ತಿಗೆಯಲ್ಲಿ ಮದುವೆಗೆ ಮುಂಚೆ ಶುರುವಾದ ಗಂಟು ಇವತ್ತಿಗೂ ಇರುತ್ತದೆ. ‘ಅದು ಹಳೇ ಗಂಟು, ಬಿಡಿ ಡಾಕ್ಟ್ರೇ’ ಎನ್ನುತ್ತಾರೆ. ನಿಜ, ಬಹುಪಾಲು ಬಿಟ್ಟರೂ ನಡೆಯುತ್ತದೆ. ಆದರೆ ಮೂವತ್ತು ವರ್ಷ ಸುಮ್ಮನಿದ್ದ ಗಂಟು ಆರು ತಿಂಗಳಲ್ಲಿ ಒಂದು ಮಗ್ಗುಲಿಗೆ ಬೆಳೆದರೆ, ಅದನ್ನು ಹಳೆಯದು ಎನ್ನಲು ಬರುವುದಿಲ್ಲ.

ಯಾವ ಕ್ಯಾನ್ಸರುಗಳು ಬರುತ್ತವೆ? ಶವಪರೀಕ್ಷೆಯ ಲೆಕ್ಕ ತೆಗೆದರೆ ಸ್ತನ ಮತ್ತು ಶ್ವಾಸಕೋಶದ ಕ್ಯಾನ್ಸರ್ ಮುಂದೆ ನಿಲ್ಲುತ್ತವೆ. ಅವು ಹಬ್ಬುವಾಗ ಎಲ್ಲ ಕಡೆಗೂ ಹಬ್ಬುತ್ತವೆ, ಥೈರಾಯ್ಡೂ ಅದರಲ್ಲಿ ಒಂದು. ಆದರೆ ಬದುಕಿರುವ ರೋಗಿ ಕುತ್ತಿಗೆಯ ಗಂಟು ಹಿಡಿದುಕೊಂಡು ವೈದ್ಯರ ಮುಂದೆ ಬರುವ ಪ್ರಸಂಗಗಳಲ್ಲಿ ಮೂತ್ರಪಿಂಡದ ಕ್ಯಾನ್ಸರೇ ಮೊದಲು. ಜಗತ್ತಿನಲ್ಲಿ ವರದಿಯಾದ ಪ್ರಕರಣಗಳನ್ನು ಒಟ್ಟು ಹಾಕಿದಾಗ ಹತ್ತಿರ ಹತ್ತಿರ ಅರ್ಧದಷ್ಟು ಮೂತ್ರಪಿಂಡದವು. ಆಮೇಲೆ ದೊಡ್ಡ ಕರುಳು, ಶ್ವಾಸಕೋಶ, ಸ್ತನ. ಚರ್ಮದ ಮೆಲನೋಮ, ಮಾಂಸಖಂಡದ ಸಾರ್ಕೋಮಗಳೂ ಆಗೊಮ್ಮೆ ಈಗೊಮ್ಮೆ ಬರುವುದುಂಟು.

ರಕ್ತದ ದಾರಿ ಹಿಡಿಯದೆ ಪಕ್ಕದ ಮನೆಯಿಂದ ನೇರವಾಗಿ ನುಗ್ಗುವವೂ ಇವೆ. ಧ್ವನಿಪೆಟ್ಟಿಗೆ, ಗಂಟಲಿನ ಕೆಳಭಾಗ, ಅನ್ನನಾಳದ ಮೇಲ್ಭಾಗ ಇವೆಲ್ಲ ಥೈರಾಯ್ಡಿಗೆ ಅಂಟಿಕೊಂಡೇ ಇರುವ ಅಂಗಗಳು. ಬೀಡಿ, ಸಿಗರೇಟು, ಹೊಗೆಸೊಪ್ಪಿನ ಎಲೆಅಡಿಕೆ, ಮದ್ಯ ಇವುಗಳಿಂದ ಬರುವ ಗಂಟಲು ಕ್ಯಾನ್ಸರ್ ನಮ್ಮ ರಾಜ್ಯದ ಯಾವುದೇ ಕ್ಯಾನ್ಸರ್ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಸಾಲುಗಟ್ಟಿ ಕಾಣುತ್ತದೆ. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯುವಾಗ ಶಸ್ತ್ರವೈದ್ಯರು ಎಷ್ಟೋ ಸಲ ಥೈರಾಯ್ಡಿನ ಒಂದು ಹಾಲೆಯನ್ನೂ ಸೇರಿಸಿ ತೆಗೆಯುವುದು ಇದೇ ಕಾರಣಕ್ಕೆ. ಈ ಬಗೆಯಲ್ಲಿ ಮೂಲ ಯಾವುದು ಎಂಬ ಗೊಂದಲ ಇರುವುದಿಲ್ಲ. ಇಷ್ಟು ಹೇಳಿ ಮುಂದೆ ಹೋಗುತ್ತೇನೆ. ಗೊಂದಲ ಇರುವುದು ಮೂತ್ರಪಿಂಡದ ವಿಷಯದಲ್ಲಿ, ಇವತ್ತು ನನಗೆ ಮುಖ್ಯವಾಗಿ ಹೇಳಬೇಕಾದದ್ದೂ ಅದರದೇ ಕಥೆ.

ಮೂತ್ರಪಿಂಡ ಸೊಂಟದ ಮೇಲಿದೆ, ಥೈರಾಯ್ಡ್ ಕುತ್ತಿಗೆಯಲ್ಲಿದೆ. ಸಾಮಾನ್ಯ ದಾರಿ ಇದು: ಮೂತ್ರಪಿಂಡದ ಅಭಿಧಮನಿಯಿಂದ ಹೊಟ್ಟೆಯ ಮಹಾ ಅಭಿಧಮನಿಗೆ, ಅಲ್ಲಿಂದ ಹೃದಯದ ಬಲಭಾಗಕ್ಕೆ, ಶ್ವಾಸಕೋಶಕ್ಕೆ, ಹೃದಯದ ಎಡಭಾಗಕ್ಕೆ, ಆಮೇಲೆ ಅಪಧಮನಿಗಳ ಮೂಲಕ ಕುತ್ತಿಗೆಗೆ. ನಡುವೆ ಶ್ವಾಸಕೋಶದ ಕೂದಲೆಳೆಗಿಂತ ಸಣ್ಣ ರಕ್ತನಾಳಗಳನ್ನು ದಾಟಬೇಕು. ಬಹಳ ಕೋಶಗಳು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಆದ್ದರಿಂದಲೇ ಈ ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬುವುದು ಜಾಸ್ತಿ. ಆದರೆ ಶ್ವಾಸಕೋಶ ಚೊಕ್ಕಟವಾಗಿದ್ದು ಥೈರಾಯ್ಡಿನಲ್ಲಿ ಮಾತ್ರ ಕಾಣಿಸಿಕೊಂಡವರಿದ್ದಾರೆ. ಬೆನ್ನುಮೂಳೆಯ ಸುತ್ತ ಕವಾಟಗಳೇ ಇಲ್ಲದ ಅಭಿಧಮನಿಗಳ ಒಂದು ಬಲೆ ಇದೆ. 1940ರಲ್ಲಿ ಅಮೆರಿಕದ ಆಸ್ಕರ್ ಬ್ಯಾಟ್ಸನ್ ಅದನ್ನು ವಿವರಿಸಿದರು. ಕವಾಟ ಇಲ್ಲದ್ದರಿಂದ ಕೆಮ್ಮಿದಾಗ, ಮುಕ್ಕರಿದಾಗ ಅಲ್ಲಿ ರಕ್ತ ಎತ್ತ ಬೇಕಾದರೂ ಹರಿಯಬಲ್ಲದು. ಶ್ವಾಸಕೋಶಕ್ಕೆ ಹೋಗದೆ ಕುತ್ತಿಗೆ ಸೇರುವ ಅಡ್ಡದಾರಿ ಅದೇ ಇರಬೇಕು ಎಂದು ಬಹಳ ಜನ ನಂಬುತ್ತಾರೆ.

ಇದಕ್ಕಿಂತ ದೊಡ್ಡ ವಿಚಿತ್ರ ಕಾಲದ್ದು. 2002ರಲ್ಲಿ ಅಮೆರಿಕದ ಸಶಸ್ತ್ರ ಪಡೆಗಳ ರೋಗಶಾಸ್ತ್ರ ಸಂಸ್ಥೆಯವರು ಮೂತ್ರಪಿಂಡದಿಂದ ಥೈರಾಯ್ಡಿಗೆ ಹಬ್ಬಿದ 36 ಜನರ ವಿವರಗಳನ್ನು ಪ್ರಕಟಿಸಿದರು. ಅವರಲ್ಲಿ 23 ಜನರಿಗೆ ಮೊದಲೇ ಮೂತ್ರಪಿಂಡದ ಕ್ಯಾನ್ಸರ್ ಆಗಿತ್ತು. ಆ ಮೊದಲ ಕಾಯಿಲೆಗೂ ಈ ಕುತ್ತಿಗೆಯ ಗಂಟಿಗೂ ನಡುವಿನ ಅಂತರ ಸರಾಸರಿ ಒಂಬತ್ತು ವರ್ಷದ ಮೇಲೆ. ಒಬ್ಬರಲ್ಲಂತೂ ಸುಮಾರು ಇಪ್ಪತ್ತೆರಡು ವರ್ಷ. ಉಳಿದ ಹದಿಮೂರು ಜನರದು ಉಲ್ಟಾ ಕಥೆ. ಅವರಿಗೆ ಮೂತ್ರಪಿಂಡದಲ್ಲಿ ಕ್ಯಾನ್ಸರ್ ಇದೆ ಎಂಬುದಕ್ಕೆ ಕುತ್ತಿಗೆಯ ಗಂಟೇ ಮೊದಲ ಸುಳಿವು.

ಒಂಬತ್ತು ವರ್ಷ, ಹತ್ತು ವರ್ಷ ಎಂದರೆ ಏನು? ರೋಗಿ ತಪಾಸಣೆಗೆ ಹೋಗುವುದನ್ನು ಬಿಟ್ಟು ಐದು ವರ್ಷವಾಗಿರುತ್ತದೆ. ಆಪರೇಷನ್ ಮಾಡಿದ ಡಾಕ್ಟರು ನಿವೃತ್ತರಾಗಿರುತ್ತಾರೆ. ಮನೆ ಬದಲಾಗಿರುತ್ತದೆ, ಮಕ್ಕಳ ಮದುವೆಯಾಗಿರುತ್ತದೆ. ಕ್ಯಾನ್ಸರ್ ಎಂಬ ಮಾತೇ ಮನೆಯಿಂದ ಹೋಗಿರುತ್ತದೆ. ಆಗ ಈ ಗಂಟು ಬರುತ್ತದೆ. ಬಂದವರು ಹೋಗುವುದು ಬೇರೆ ಊರಿನ, ಬೇರೆ ಡಾಕ್ಟರ ಹತ್ತಿರ.

ಸೂಜಿ ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ಹೇಳಿಬಿಡುತ್ತೇನೆ, ಹೆದರುವವರು ಬಹಳ. ರೋಗಿಯನ್ನು ಅಂಗಾತ ಮಲಗಿಸಿ ಹೆಗಲ ಕೆಳಗೆ ದಿಂಬು ಕೊಡುತ್ತೇವೆ. ಕುತ್ತಿಗೆ ಹಿಂದಕ್ಕೆ ಬಾಗಿ ಗಂಟು ಮೇಲೆ ಬರುತ್ತದೆ. ಉಗುಳು ನುಂಗಿ ಎನ್ನುತ್ತೇವೆ. ಗಂಟು ಗಂಟಲಿನ ಜೊತೆ ಮೇಲೆ ಹೋಗಿ ಕೆಳಗೆ ಬಂದರೆ ಅದು ಥೈರಾಯ್ಡಿನದೇ. ಆಮೇಲೆ ‘ಇನ್ನು ನುಂಗಬೇಡಿ, ಮಾತಾಡಬೇಡಿ’. ರಕ್ತ ತೆಗೆಯುವ ಸೂಜಿಗಿಂತಲೂ ಸಣ್ಣ ಸೂಜಿ. ಈಗೀಗ ಅಲ್ಟ್ರಾಸೌಂಡ್ ಪರದೆಯಲ್ಲಿ ಸೂಜಿಯ ತುದಿ ನೋಡಿಕೊಂಡೇ ಚುಚ್ಚುತ್ತಾರೆ. ಒಳಗೆ ನಾಲ್ಕಾರು ಸಲ ಹಿಂದೆ ಮುಂದೆ ಆಡಿಸಿ ತೆಗೆದರೆ ಸೂಜಿಯ ಬುಡದಲ್ಲಿ ಒಂದು ಹನಿ. ಅದನ್ನು ಗಾಜಿನ ಮೇಲೆ ಬಿಟ್ಟು ಇನ್ನೊಂದು ಗಾಜಿನಿಂದ ಎಳೆದು ಬಳಿಯುತ್ತೇವೆ. ಕೆಲವು ಗಾಜು ಆಲ್ಕೋಹಾಲಿಗೆ, ಕೆಲವು ಗಾಳಿಗೆ ಒಣಗಲು. ಬೆಳಕಿಗೆ ಹಿಡಿದರೆ ಬಳಿದದ್ದರಲ್ಲಿ ರವೆಯಂಥ ಕಣ ಕಾಣಬೇಕು. ಕಂಡರೆ ಕೋಶಗಳು ಬಂದಿವೆ ಎಂದು ಅರ್ಥ.

ಮೂತ್ರಪಿಂಡದಿಂದ ಬಂದ ಗೆಡ್ಡೆಗೆ ಚುಚ್ಚಿದಾಗ ಹಾಗಾಗುವುದಿಲ್ಲ. ಸಿರಿಂಜಿಗೆ ಸರ್ರನೆ ರಕ್ತ ಏರುತ್ತದೆ. ಆ ಗೆಡ್ಡೆಯ ಸ್ವಭಾವವೇ ಹಾಗೆ, ಕೋಶಗಳ ಗುಂಪುಗಳ ನಡುವೆ ತೆಳ್ಳನೆಯ ರಕ್ತನಾಳಗಳ ಜಾಲ. ಗಾಜಿನ ಮೇಲೆ ಬರೀ ರಕ್ತ. ‘ರಕ್ತ ಮಾತ್ರ ಬಂದಿದೆ, ಪರೀಕ್ಷೆಗೆ ಸಾಲದು, ಮತ್ತೊಮ್ಮೆ ಮಾಡಿಸಿ’ ಎಂದು ವರದಿ ಹೋಗುತ್ತದೆ. ರೋಗಿಯ ಮನೆಯವರು ‘ಏನೂ ಬಂದಿಲ್ಲವಂತೆ’ ಎಂದು ಸಮಾಧಾನಪಟ್ಟು ಊರಿಗೆ ಹೋಗುತ್ತಾರೆ. ಸಾಲದು ಎಂಬ ವರದಿ ನಾರ್ಮಲ್ ವರದಿ ಅಲ್ಲ.

ಗುರುತು ಸಿಗದ ಹಾಗೆ ವಿವರ ಬದಲಿಸಿ ಒಂದು ಪ್ರಸಂಗ ಹೇಳುತ್ತೇನೆ. ಅರವತ್ತು ದಾಟಿದ ಒಬ್ಬ ತಾಯಿ ಬಂದಿದ್ದರು, ಜೊತೆಗೆ ಮಗ. ಬಲಗಡೆ ನಿಂಬೆಕಾಯಿ ಗಾತ್ರದ ಗಂಟು. ಥೈರಾಯ್ಡಿನ ರಕ್ತಪರೀಕ್ಷೆ ಸರಿಯಾಗಿತ್ತು. ಅದು ಸರಿಯಾಗಿರುವುದೇ ರೂಢಿ, ಬೇರೆ ಕ್ಯಾನ್ಸರ್ ಬಂದು ಕೂತ ಮಾತ್ರಕ್ಕೆ ಗ್ರಂಥಿ ಕೆಲಸ ನಿಲ್ಲಿಸುವುದಿಲ್ಲ. ಮೊದಲ ಸೂಜಿಯಲ್ಲಿ ರಕ್ತ. ಎರಡನೆಯ ಸಲ ಒಂದಷ್ಟು ಕೋಶ ಬಂದವು. ಮೈ ತುಂಬಿದ, ಒಳಗೆಲ್ಲ ತೆಳುವಾಗಿ ತಿಳಿಯಾಗಿ ಕಾಣುವ ಕೋಶಗಳು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವರನ್ನು ಮತ್ತೆ ಒಳಗೆ ಕರೆಸಿದೆ.

‘ಅಮ್ಮಾ, ಹಿಂದೆ ಏನಾದರೂ ಆಪರೇಷನ್ ಆಗಿತ್ತಾ?’

‘ಕಣ್ಣಿಂದು ಆಗಿತ್ತು ಸಾರ್, ಹೋದ ವರ್ಷ.’

‘ಅದಲ್ಲ, ಹೊಟ್ಟೆ, ಸೊಂಟದ ಹತ್ತಿರ ಏನಾದರೂ?’

‘ಓ ಅದಾ. ಕಿಡ್ನೀಲಿ ಕಲ್ಲಿತ್ತಂತೆ. ಒಂದು ಕಿಡ್ನೀನೇ ತೆಗೆದುಬಿಟ್ರು. ಹತ್ತು-ಹನ್ನೆರಡು ವರ್ಷ ಆಗಿರ್ಬೇಕು.’

ಮಗ ನಡುವೆ ಬಾಯಿ ಹಾಕಿ, ‘ಅದಕ್ಕೂ ಇದಕ್ಕೂ ಏನ್ ಸಾರ್ ಸಂಬಂಧ, ಅದೆಲ್ಲ ಮುಗಿದುಹೋಯ್ತು’ ಎಂದರು. ತಾಯಿಯನ್ನು ನರ್ಸಮ್ಮನ ಹತ್ತಿರ ಬಿಟ್ಟು ನನ್ನ ಹಿಂದೆಯೇ ಕಾರಿಡಾರಿಗೆ ಬಂದರು. ‘ಸಾರ್, ಕಲ್ಲಲ್ಲ ಅದು. ಗಡ್ಡೆ. ಅಮ್ಮಂಗೆ ಗೊತ್ತಾದ್ರೆ ಎದೆ ಒಡ್ಕೋತಾರೆ ಅಂತ ನಾವ್ಯಾರೂ ಹೇಳಿಲ್ಲ.’ ರಿಪೋರ್ಟು ಎಲ್ಲಿದೆ ಎಂದು ಕೇಳಿದೆ. ಮನೆಯಲ್ಲಿಟ್ಟರೆ ತಾಯಿ ಯಾರ ಕೈಲಾದರೂ ಓದಿಸಿಯಾರು ಎಂದು ಚಿಕ್ಕಪ್ಪನ ಮನೆಯ ಅಟ್ಟದ ಮೇಲೆ ಇಟ್ಟಿದ್ದರಂತೆ.

ಫೈಲು ಬಂತು. ಅದರಲ್ಲಿದ್ದ ನಂಬರು ಹಿಡಿದು ಆ ಆಸ್ಪತ್ರೆಯಿಂದ ಹಳೆಯ ಬ್ಲಾಕನ್ನೂ ತರಿಸಿದೆವು. ಬ್ಲಾಕ್ ಎಂದರೆ ತೆಗೆದ ಗೆಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿ ಇಟ್ಟ ಸಣ್ಣ ಅಚ್ಚು. ಎಷ್ಟೋ ಆಸ್ಪತ್ರೆಗಳಲ್ಲಿ ಇವನ್ನು ವರ್ಷಗಟ್ಟಲೆ ಜೋಪಾನ ಮಾಡುತ್ತಾರೆ, ಕೇಳಿದರೆ ಕೊಡುತ್ತಾರೆ. ಅದರಿಂದ ಹೊಸದಾಗಿ ಒಂದು ಸ್ಲೈಡ್ ಕೊಯ್ದು, ಕುತ್ತಿಗೆಯ ಸ್ಲೈಡಿನ ಪಕ್ಕ ಇಟ್ಟು ನೋಡಿದೆ. ಅವೇ ಕೋಶಗಳು. ಹಾಗೆ ತಿಳಿಯಾಗಿ ಕಾಣುವುದಕ್ಕೆ ಕಾರಣ, ಅವುಗಳ ಒಳಗೆ ತುಂಬಿರುವ ಕೊಬ್ಬು ಮತ್ತು ಗ್ಲೈಕೋಜೆನ್. ಸ್ಲೈಡ್ ತಯಾರಿಸುವಾಗ ಹಾಕುವ ದ್ರಾವಣಗಳಲ್ಲಿ ಅವು ಕರಗಿ ಹೋಗಿ ಖಾಲಿ ಜಾಗ ಉಳಿಯುತ್ತದೆ.

ಫೈಲು ಸಿಗದೆ ಇದ್ದಿದ್ದರೆ? ಥೈರಾಯ್ಡಿನಲ್ಲೇ ಹುಟ್ಟುವ ಕೆಲವು ಗೆಡ್ಡೆಗಳ ಕೋಶಗಳೂ ಹೀಗೆ ತಿಳಿಯಾಗಿ ಕಾಣುತ್ತವೆ. ಕಣ್ಣಿಗೆ ಮೋಸ ಆಗುವುದು ಸುಲಭ. ಆಗ ನಾವು ಇಮ್ಯುನೋ ಎಂದು ಕರೆಯುವ ಬಣ್ಣದ ಪರೀಕ್ಷೆಗಳ ಮೊರೆ ಹೋಗುತ್ತೇವೆ. ಥೈರೋಗ್ಲಾಬ್ಯುಲಿನ್ ಎಂಬ ಪ್ರೋಟೀನು ಥೈರಾಯ್ಡ್ ಕೋಶ ಬಿಟ್ಟರೆ ಬೇರೆಲ್ಲೂ ತಯಾರಾಗುವುದಿಲ್ಲ. ಅದರ ಬಣ್ಣ ಹಿಡಿದರೆ ಮನೆಯದು, ಹಿಡಿಯದಿದ್ದರೆ ಹೊರಗಿನದು ಎಂದು ಅನುಮಾನ. ಇಲ್ಲೂ ಬಲೆಗಳಿವೆ. ಟಿಟಿಎಫ್-1 ಎಂಬ ಗುರುತು ಥೈರಾಯ್ಡಿಗೂ ಹಿಡಿಯುತ್ತದೆ, ಶ್ವಾಸಕೋಶದ ಕ್ಯಾನ್ಸರಿಗೂ ಹಿಡಿಯುತ್ತದೆ. ಪ್ಯಾಕ್ಸ್-8 ಥೈರಾಯ್ಡಿಗೂ ಹಿಡಿಯುತ್ತದೆ, ಮೂತ್ರಪಿಂಡಕ್ಕೂ ಹಿಡಿಯುತ್ತದೆ. ಒಂದನ್ನೇ ನಂಬಿ ಕೂತವರು ಕೆಡುತ್ತಾರೆ. ಥೈರಾಯ್ಡಿನಲ್ಲೇ ಹುಟ್ಟುವ ಮೆಡುಲ್ಲರಿ ಎಂಬ ಇನ್ನೊಂದು ಕ್ಯಾನ್ಸರಿಗೆ ಥೈರೋಗ್ಲಾಬ್ಯುಲಿನ್ ಹಿಡಿಯುವುದಿಲ್ಲ, ಅದಕ್ಕೆ ಕ್ಯಾಲ್ಸಿಟೋನಿನ್ ನೋಡಬೇಕು. ಹೀಗೆ ಪಟ್ಟಿ ಬೆಳೆಯುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಚೂರು ಬೇಕು, ಒಂದೊಂದಕ್ಕೂ ದುಡ್ಡು ಬೇಕು. ಸೂಜಿಯಲ್ಲಿ ಬಂದಿರುವುದು ಚಿಟಿಕೆಯಷ್ಟು. ಹಿಂದೆ ಮೂತ್ರಪಿಂಡದ ಕ್ಯಾನ್ಸರ್ ಆಗಿತ್ತು ಎಂಬ ಒಂದು ಮಾತು ಗೊತ್ತಿದ್ದರೆ ಮೂರು ನಾಲ್ಕು ಬಣ್ಣಕ್ಕೆ ಕೆಲಸ ಮುಗಿಯುತ್ತದೆ.

ನಮ್ಮ ಪ್ರಯೋಗಾಲಯಕ್ಕೆ ಮಾದರಿಯ ಜೊತೆ ಒಂದು ಚೀಟಿ ಬರುತ್ತದೆ. ಅದರಲ್ಲಿ ರೋಗಿಯ ಹಿಂದಿನ ವಿವರ ಬರೆಯಲು ಎರಡು ಗೆರೆ ಜಾಗ ಇರುತ್ತದೆ. ಹೆಚ್ಚಿನ ಚೀಟಿಗಳಲ್ಲಿ ಅಲ್ಲಿ ‘ಥೈರಾಯ್ಡ್ ಗಂಟು’ ಎಂದಿರುತ್ತದೆ, ಇಲ್ಲವೇ ಖಾಲಿ. ಕುತ್ತಿಗೆಗೆ ಚುಚ್ಚಿ ಎಂದು ಕಳಿಸಿದ ಮೇಲೆ ಅಲ್ಲಿ ಗಂಟಿದೆ ಎಂಬುದು ನಮಗೂ ಗೊತ್ತು. ಇದು ನಮ್ಮ ಕಡೆಯ ದೂರು, ವೈದ್ಯ ಬಂಧುಗಳು ಕೇಳುತ್ತಿದ್ದರೆ ಅವರಿಗೆ.

ಮನೆಯವರ ಮೇಲೆ ನನಗೆ ಸಿಟ್ಟಿಲ್ಲ. ಅಮ್ಮನಿಗೆ ಹೇಳಬಾರದು, ಅಪ್ಪನಿಗೆ ಹೇಳಬಾರದು ಎಂಬುದು ನಮ್ಮಲ್ಲಿ ಪ್ರೀತಿ ತೋರಿಸುವ ಒಂದು ಬಗೆ. ಅದರ ಸರಿತಪ್ಪು ಬೇರೆ ಚರ್ಚೆ. ನನ್ನ ಅಭಿಪ್ರಾಯ ಕೇಳಿದರೆ, ಹೇಳುವುದೇ ಒಳ್ಳೆಯದು. ತಮ್ಮ ಮೈಯಲ್ಲಿ ಏನಾಗಿತ್ತು ಎಂದು ಗೊತ್ತಿದ್ದವರು ಹೊಸ ಗಂಟು ಬಂದಾಗ ತಾವಾಗಿಯೇ ಬರುತ್ತಾರೆ. ಕಲ್ಲು ತೆಗೆದರು ಎಂದುಕೊಂಡವರು ಯಾಕೆ ಬಂದಾರು? ಹೇಳಲು ಮನಸ್ಸು ಬಾರದಿದ್ದರೂ ಒಂದು ಕೆಲಸ ಮಾಡಿ: ಡಾಕ್ಟರಿಗೆ ಮುಚ್ಚಿಡಬೇಡಿ. ಹಳೆಯ ಫೈಲಿನಲ್ಲಿ ಎಲ್ಲವೂ ಮುಖ್ಯವಲ್ಲ. ನಿತ್ಯದ ಬಿಪಿ ಚಾರ್ಟು, ಔಷಧಿ ಅಂಗಡಿಯ ಬಿಲ್ಲು ಹೋದರೆ ಹೋಗಲಿ. ಡಿಸ್ಚಾರ್ಜ್ ಸಮ್ಮರಿ ಮತ್ತು ಬಯಾಪ್ಸಿ ರಿಪೋರ್ಟು, ಇವೆರಡನ್ನು ಎಷ್ಟು ವರ್ಷವಾದರೂ ಬಿಸಾಡಬೇಡಿ. ಬಯಾಪ್ಸಿ ರಿಪೋರ್ಟಿನ ಮೇಲಿರುವ ನಂಬರಿನಿಂದಲೇ ಬ್ಲಾಕ್ ಹುಡುಕುವುದು. ಮೊಬೈಲಿನಲ್ಲಿ ಫೋಟೋ ತೆಗೆದು ಮನೆಯ ಇಬ್ಬರ ಹತ್ತಿರ ಇಟ್ಟುಕೊಳ್ಳಿ.

ಈ ಮಾತು ಕೇಳಿ, ಹಿಂದೆ ಕ್ಯಾನ್ಸರ್ ಆಗಿ ಗುಣವಾದವರು ಕುತ್ತಿಗೆ ಮುಟ್ಟಿ ಮುಟ್ಟಿ ನೋಡಿಕೊಳ್ಳಲು ಶುರುಮಾಡಿದರೆ ಕಷ್ಟ. ಥೈರಾಯ್ಡಿನಲ್ಲಿ ಗಂಟು ಇರುವುದು ತೀರ ಸಾಮಾನ್ಯ. ಕೈಗೆ ಸಿಗುವಂಥ ಗಂಟು ನೂರರಲ್ಲಿ ನಾಲ್ಕೈದು ಜನರಿಗೆ ಇದ್ದೇ ಇರುತ್ತದೆ. ಅಲ್ಟ್ರಾಸೌಂಡ್ ಇಟ್ಟು ನೋಡಿದರೆ ವಯಸ್ಸಾದವರಲ್ಲಿ ಅರ್ಧದಷ್ಟು ಜನರಿಗೆ ಒಂದಲ್ಲ ಒಂದು ಸಣ್ಣದು ಕಾಣುತ್ತದೆ. ಅದರಲ್ಲಿ ಬಹುಪಾಲು ನಿರಪಾಯ. ಕ್ಯಾನ್ಸರ್ ಚಿಕಿತ್ಸೆಯ ನಂತರದ ಪೆಟ್ ಸ್ಕ್ಯಾನಿನಲ್ಲಿ ನೂರಕ್ಕೆ ಒಬ್ಬಿಬ್ಬರಿಗೆ ಥೈರಾಯ್ಡಿನ ಒಂದು ಮೂಲೆ ಹೊಳೆಯುವುದುಂಟು. ಹಾಗೆ ಹೊಳೆದದ್ದರಲ್ಲಿ ಮೂರಕ್ಕೆ ಎರಡರಷ್ಟು ಕ್ಯಾನ್ಸರೇ ಅಲ್ಲ. ಉಳಿದದ್ದರಲ್ಲಿ ಹೆಚ್ಚಿನವು ಥೈರಾಯ್ಡಿನದೇ ಆದ, ನಿಧಾನವಾಗಿ ಬೆಳೆಯುವ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಪ್ಯಾಪಿಲ್ಲರಿ ಕ್ಯಾನ್ಸರ್. ಹೊಳೆಯಿತು ಎಂದರೆ ಸೂಜಿ ಪರೀಕ್ಷೆ ಮಾಡಿಸಿ ಎಂದು ಅರ್ಥ, ಅಷ್ಟೇ. ತಡಮಾಡಬಾರದ ಲಕ್ಷಣಗಳೆಂದರೆ ವಾರಗಳಲ್ಲಿ ಬೆಳೆಯುತ್ತಿರುವ ಗಂಟು, ಕಾರಣವಿಲ್ಲದೆ ಮೂರು ವಾರ ಮೀರಿ ಒಡೆದ ಧ್ವನಿ, ನುಂಗುವಾಗ ತಡೆ, ಮಲಗಿದರೆ ಉಸಿರು ಕಟ್ಟುವುದು.

ಚಿಕಿತ್ಸೆಗೆ ಬರುತ್ತೇನೆ. ಥೈರಾಯ್ಡ್ ಕ್ಯಾನ್ಸರ್ ಎಂದರೆ ಅಯೋಡಿನ್ ಡೋಸು ಕೊಡುತ್ತಾರೆ ಎಂದು ಬಹಳ ಜನರಿಗೆ ಗೊತ್ತು. ವಿಕಿರಣ ಸೂಸುವ ಅಯೋಡಿನ್ ಕುಡಿಸಿದರೆ ಥೈರಾಯ್ಡ್ ಕೋಶಗಳು ಅದನ್ನು ಎಳೆದುಕೊಂಡು ತಾವೇ ಸಾಯುತ್ತವೆ. ಆದರೆ ಮೂತ್ರಪಿಂಡದಿಂದಲೋ ಕರುಳಿನಿಂದಲೋ ಬಂದ ಕೋಶ ಥೈರಾಯ್ಡಿನಲ್ಲಿ ಕೂತ ಮಾತ್ರಕ್ಕೆ ಥೈರಾಯ್ಡ್ ಕೋಶ ಆಗುವುದಿಲ್ಲ. ಅದು ಅಯೋಡಿನ್ ಎಳೆದುಕೊಳ್ಳುವುದಿಲ್ಲ. ಆ ಡೋಸು ಇಲ್ಲಿ ದಂಡ. ಎಲ್ಲಿ ಹುಟ್ಟಿತೋ ಆ ಕ್ಯಾನ್ಸರಿನ ಚಿಕಿತ್ಸೆಯೇ ನಡೆಯಬೇಕು. ಮೂಲ ಯಾವುದೆಂದು ನಾವು ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ಅದಕ್ಕೇ.

ಶ್ವಾಸಕೋಶದ್ದೋ ಸ್ತನದ್ದೋ ಆದರೆ ಸಾಮಾನ್ಯವಾಗಿ ಬೇರೆ ಕಡೆಗೂ ಹಬ್ಬಿರುತ್ತದೆ. ಔಷಧಿಯೇ ಮುಖ್ಯ. ಶ್ವಾಸನಾಳ ಒತ್ತುತ್ತಿದ್ದರೆ ಮಾತ್ರ ಕುತ್ತಿಗೆಗೆ ಕೈ ಹಾಕುತ್ತಾರೆ. ಮೂತ್ರಪಿಂಡದ್ದು ಹಾಗಲ್ಲ. ಎಷ್ಟೋ ಸಲ ಥೈರಾಯ್ಡ್ ಬಿಟ್ಟು ಬೇರೆಲ್ಲೂ ಇರುವುದಿಲ್ಲ, ಅಥವಾ ಇನ್ನೊಂದೇ ಒಂದು ಕಡೆ ಇರುತ್ತದೆ. ಆಗ ಹಾಲೆಯನ್ನೋ ಪೂರ್ತಿ ಗ್ರಂಥಿಯನ್ನೋ ತೆಗೆದರೆ ವರ್ಷಗಳ ಬದುಕು ಸಿಗುತ್ತದೆ. ಆಗ ಹೇಳಿದ ಆ 36 ಜನರಲ್ಲಿ 13 ಜನ, ಅಂದರೆ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು, ಸರಾಸರಿ ಒಂಬತ್ತು ವರ್ಷದ ಬಳಿಕ ಒಂದೋ ಕ್ಯಾನ್ಸರಿನ ಸುಳಿವಿಲ್ಲದೆ ಬದುಕಿದ್ದರು, ಇಲ್ಲವೇ ಕ್ಯಾನ್ಸರ್ ಅಲ್ಲದ ಕಾರಣಕ್ಕೆ ತೀರಿಕೊಂಡಿದ್ದರು. ಹಬ್ಬಿದೆ ಎಂಬ ಮಾತು ಕೇಳಿದ ಕೂಡಲೇ ‘ಇನ್ನೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗೋಣ’ ಎನ್ನುವವರಿಗೆ ನಾನು ಈ ಲೆಕ್ಕ ಹೇಳುತ್ತೇನೆ. ಉಳಿದ 23 ಜನ ಕಾಯಿಲೆ ಹಬ್ಬಿಯೇ ತೀರಿಕೊಂಡರು ಎಂಬುದನ್ನೂ ಮುಚ್ಚಿಡುವುದಿಲ್ಲ. ಆಪರೇಷನ್‌ಗೆ ಮುಂಚೆ ಎದೆ, ಹೊಟ್ಟೆ, ಮೂಳೆಗಳ ಸ್ಕ್ಯಾನ್ ಆಗಬೇಕು. ಕುತ್ತಿಗೆಯ ದೊಡ್ಡ ಅಭಿಧಮನಿಯೊಳಗೆ ಗೆಡ್ಡೆ ಇಳಿದಿದೆಯೇ ಎಂದೂ ನೋಡಬೇಕು. ಈ ಕ್ಯಾನ್ಸರಿಗೆ ರಕ್ತನಾಳದೊಳಗೆ ಬೆಳೆಯುವ ಚಾಳಿ ಇದೆ, ಮೂತ್ರಪಿಂಡದಲ್ಲಿದ್ದಾಗಲೂ ಹಾಗೇ, ಕುತ್ತಿಗೆಗೆ ಬಂದ ಮೇಲೂ ಹಾಗೇ.

ಥೈರಾಯ್ಡ್ ಶಸ್ತ್ರಚಿಕಿತ್ಸೆಯ ಎರಡು ತೊಂದರೆಗಳನ್ನು ವೈದ್ಯರು ನಿಮಗೆ ಮೊದಲೇ ಹೇಳುತ್ತಾರೆ. ಗ್ರಂಥಿಯ ಹಿಂದೆಯೇ ಧ್ವನಿಯ ನರ ಹಾದುಹೋಗುತ್ತದೆ, ಅದಕ್ಕೆ ಪೆಟ್ಟಾದರೆ ಧ್ವನಿ ಒಡೆಯುತ್ತದೆ. ಅಲ್ಲೇ ಅಂಟಿಕೊಂಡಿರುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್‌ಗಳಿಗೆ ರಕ್ತ ತಪ್ಪಿದರೆ ಕ್ಯಾಲ್ಸಿಯಂ ಇಳಿದು ಬೆರಳ ತುದಿ, ತುಟಿಯ ಸುತ್ತ ಜುಮ್ಮೆನ್ನುತ್ತದೆ. ಹಾಗಾದರೆ ಅದೇ ದಿನ ಹೇಳಬೇಕು, ಬೆಳಗಾಗಲಿ ಎಂದು ಕಾಯಬಾರದು.

ಇನ್ನೊಂದು ಸಂಗತಿ ಹೇಳದೆ ಮುಗಿಸುವಂತಿಲ್ಲ. ಮೂತ್ರಪಿಂಡದ ಕ್ಯಾನ್ಸರ್ ಹಬ್ಬಿದವರಿಗೆ ಈಗ ಸುನಿಟಿನಿಬ್‌ನಂಥ ಮಾತ್ರೆಗಳಿವೆ, ಇಮ್ಯುನೋಥೆರಪಿಯ ಇಂಜೆಕ್ಷನ್‌ಗಳಿವೆ. ಇವು ಕ್ಯಾನ್ಸರನ್ನು ಹಿಡಿಯುತ್ತವೆ, ಜೊತೆಗೆ ಚೆನ್ನಾಗಿರುವ ಥೈರಾಯ್ಡಿನ ಕೆಲಸವನ್ನೂ ಕೆಡಿಸುತ್ತವೆ. ಸುನಿಟಿನಿಬ್ ತೆಗೆದುಕೊಳ್ಳುವವರಲ್ಲಿ ಗ್ರಂಥಿ ಮಂದವಾಗುವುದು ಮಾಮೂಲು. ಇಮ್ಯುನೋಥೆರಪಿಯಲ್ಲಿ ಮೊದಲು ಹಾರ್ಮೋನು ಏರಿ ಎದೆ ಡವಡವ ಎನ್ನಬಹುದು, ಕೆಲವು ವಾರಗಳಲ್ಲಿ ಇಳಿದು ಸುಸ್ತು ಶುರುವಾಗಬಹುದು. ಮೈ ಭಾರ, ಮುಖ ಊದಿಕೆ, ಚಳಿ ತಡೆಯಲಾಗದಿರುವುದು, ಮಲಬದ್ಧತೆ ಇವನ್ನೆಲ್ಲ ಮನೆಯವರು ‘ಕ್ಯಾನ್ಸರ್ ಅಂದಮೇಲೆ ಇದ್ದದ್ದೇ’ ಎಂದು ಬಿಟ್ಟುಬಿಡುತ್ತಾರೆ. ರೋಗಿಯೂ ಹಾಗೇ ಅಂದುಕೊಂಡು ಮೂಲೆ ಹಿಡಿಯುತ್ತಾರೆ. ಈ ಔಷಧಿಗಳು ನಡೆಯುತ್ತಿರುವಷ್ಟು ಕಾಲ ನಾಲ್ಕರಿಂದ ಆರು ವಾರಕ್ಕೊಮ್ಮೆ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಗ್ರಂಥಿ ಮಂದವಾಗಿ ಟಿಎಸ್‌ಎಚ್ ಏರಿದ್ದರೆ ಕ್ಯಾನ್ಸರ್ ಔಷಧಿ ನಿಲ್ಲಿಸಬೇಕಾಗಿಲ್ಲ, ಥೈರಾಕ್ಸಿನ್ ಸೇರಿಸಿಕೊಂಡರೆ ಸಾಕು. ವರದಿ ಬಂದ ದಿನವೇ ನಿಮ್ಮ ಕ್ಯಾನ್ಸರ್ ವೈದ್ಯರಿಗೆ ತೋರಿಸಿ.